ಖಜಾನೆಯ ಗೋಡೆ

“ಇದನ್ನು ಇಟ್ಕೊಂಡು ಎಂತ ಉಪ್ಪಿನಕಾಯಿ ಹಾಕ್ತೀಯಾ ಮಾರಾಯ? ಕೊಡುದಾದ್ರೆ ಕೊಡು. ಇಲ್ಲದಿದ್ರೆ ದಾರಿ ಬಿಡು, ಹಿಂದೆ ಜನ ನಿಂತಿದ್ದಾರೆ.”

“ಏ ಹಾಟ್ಯಾನ ಮಗನ, ಯಾರಿಗೆ ದಾರಿ ಬಿಡಂತಿ? ನನ್ನ ಆರು ತಿಂಗಳ ಪಗಾರಲೇ ಇದು. ರೂಪಾಯಿಗೆ ನಾಕಾಣೆ ಕೊಡಾಕ ಬಂದೀಯಲ್ಲ, ಮಾರಿಗೆ ನಾಚಿಕಿ ಇಲ್ಲೇನ?”

ನಾನು ಸೂಪರ್‌ವೈಸರ್ ಕೊರಗಪ್ಪನ ಕಾಲರ್ ಹಿಡಿದಿದ್ದೆ. ಶಾಲೆಯ ಹಿಂದೆ, ಬಸ್ಸು ನಿಲ್ಲಿಸುವ ಅಂಗಳದ ಮೂಲೆಯಲ್ಲಿ ನನ್ನ ಬಡಗಿ ಕೆಲಸದ ತಗಡಿನ ಶೆಡ್ಡಿದೆ. ಚಹಾದ ಹೊತ್ತಿಗೆ ಕಂಪನಿಯ ಆಳುಗಳೆಲ್ಲ ಅದರ ನೆರಳಿಗೆ ಬಂದು ಕೂರುತ್ತಾರೆ. ಅವತ್ತು ಯಾರೂ ಕೂತಿರಲಿಲ್ಲ, ಸಾಲು ಹಚ್ಚಿ ನಿಂತಿದ್ದರು. ಎಲ್ಲರ ಕೈಯಲ್ಲೂ ಗುಲಾಬಿ ಬಣ್ಣದ ಚೀಟಿಗಳು. ಕೊರಗಪ್ಪನ ಜೇಬಿನಲ್ಲಿ ದಿನಾರು.

ಚೀಟಿಯ ವಿಷಯ ಹೇಳಿಬಿಡುತ್ತೇನೆ. ಕೊಲ್ಲಿ ದೇಶದ ಫಹಾಹೀಲ್ ಎಂಬ ಊರಿನ ಈ ಶಾಲೆ ಅಮೆರಿಕನ್ ಸಿಲಬಸ್ಸಿನದು. ಫೀಸು ಕೇಳಿದರೆ ತಲೆ ತಿರುಗುತ್ತದೆ. ನಾವು ಅಲ್ಲಿ ದುಡಿದರೂ ಶಾಲೆಯ ಆಳುಗಳಲ್ಲ, ನಮ್ಮನ್ನು ತಂದದ್ದು ಒಂದು ಕಂಪನಿ. ಶಾಲೆ ಕಂಪನಿಗೆ ಕೊಡಬೇಕು, ಕಂಪನಿ ನಮಗೆ ಕೊಡಬೇಕು. ಶಾಲೆಯಿಂದ ಹಣ ಬಂದಿಲ್ಲವೆಂದು ಕಂಪನಿ ಪಗಾರ ನಿಲ್ಲಿಸಿತು. ತಿಂಗಳ ಕೊನೆಗೆ ಪಗಾರದ ಬದಲು ಒಂದು ಗುಲಾಬಿ ಚೀಟಿ, ಅದರ ಮೇಲೆ ಕಂಪನಿಯ ಸಿಕ್ಕಾ. ಹಣ ಬಂದಾಗ ಈ ಚೀಟಿ ಯಾರು ತಂದರೂ ಎಂಬತ್ತು ದಿನಾರು ಕೊಡಲಾಗುವುದು ಎಂದು ಬರೆದಿತ್ತು. ‘ಯಾರು ತಂದರೂ’ ಎಂದು ಬರೆಸಿದ್ದು ನಮ್ಮ ಒಳ್ಳೆಯದಕ್ಕೇ ಅಂತೆ. ಅದನ್ನು ಇಟ್ಟುಕೊಂಡು ಬಕಾಲಾ ಅಂಗಡಿಯವನು ಅಕ್ಕಿ, ಎಣ್ಣೆ ಉದ್ರಿ ಕೊಡುತ್ತಾನಂತೆ. ಎರಡು ತಿಂಗಳು ಕೊಟ್ಟ. ಆಮೇಲೆ ಚೀಟಿ ತೋರಿಸಿದರೆ ಗೋಡೆಯ ಕಡೆ ಮುಖ ತಿರುಗಿಸತೊಡಗಿದ.

ಆರನೆಯ ಚೀಟಿ ಬಂದ ಮೇಲೆ ಕೊರಗಪ್ಪ ಕೊಳ್ಳಲು ಶುರು ಮಾಡಿದ. ಎಂಬತ್ತರ ಚೀಟಿಗೆ ಇಪ್ಪತ್ತು.

ಅವನು ನನ್ನ ಬೆರಳುಗಳನ್ನು ಕಾಲರಿನಿಂದ ಮೆಲ್ಲಗೆ ಬಿಡಿಸಿದ. ತಿರುಗಿ ಹೊಡೆಯಲಿಲ್ಲ. ಅವನಿಗೂ ಆರು ತಿಂಗಳಾಗಿತ್ತಂತೆ, ಅವನೂ ತನ್ನ ಚೀಟಿ ಕೊಟ್ಟಿದ್ದನಂತೆ. ಹಣ ಯಾರದ್ದೆಂದು ಕೇಳಿದರೆ, ಕೇಳಬೇಡ ಅಂದ. ನಾನು ಅವನ ತಾಯಿ ತಂಗಿಯರನ್ನೆಲ್ಲ ಎತ್ತಿ ಬೈದೆ. ಬಸ್ಸಿನ ಡ್ರೈವರುಗಳು ಸುತ್ತ ಸೇರಿ ನೋಡಿದರು. ಬೈದು ಮುಗಿದ ಮೇಲೆ ಚೀಟಿಗಳನ್ನು ಅವನ ಕೈಗೆ ಹಾಕಿದೆ. ನಗುವವರು ನಗಲಿ. ರೂಮಿನಲ್ಲಿ ಅಕ್ಕಿ ಇರಲಿಲ್ಲ. ಊರಲ್ಲಿ ಹೆಂಡತಿ ಫೋನು ಎತ್ತುವುದನ್ನು ಬಿಟ್ಟು ಎಂಟು ದಿನವಾಗಿತ್ತು.

ಕೊಡದವಳು ನೀಲವ್ವ ಒಬ್ಬಳೇ. ಶಾಲೆಯ ಕಕ್ಕಸು ತೊಳೆಯುತ್ತಾಳೆ. ಗದಗ ಕಡೆಯವಳು. ಅವಳಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅವಳು ಸಾಲಿನಲ್ಲಿ ನಿಲ್ಲದೆ ಮಾಪಿನ ಕೋಲಿಗೆ ಗಲ್ಲ ಆನಿಸಿ ನೋಡುತ್ತಿದ್ದಳು.

“ಕೊಳ್ಳಾಂವ ಓಡಿ ಬಂದಾನಂದ್ರ ಎಮ್ಮಿ ಗೊಡ್ಡ ಅಲ್ಲ ಸಂಗಣ್ಣ” ಅಂದಳು. “ನೀ ಕಣ್ಮುಚ್ಚಿ ಕೊಟ್ಟಿ.”

ನಾನು ಸಂಗಪ್ಪ, ಅವಳ ಬಾಯಲ್ಲಿ ಸಂಗಣ್ಣ. ಅವಳಿಗೂ ಬೈದೆ. ಎಮ್ಮೆಯಾದರೆ ಹಾಲು ಹಿಂಡಿ ನೋಡಬಹುದು, ಕಾಗದವನ್ನು ಏನು ಹಿಂಡುತ್ತಿ ಎಂದೆ. ಅವಳು ಸಿಟ್ಟಾಗಲಿಲ್ಲ. ಊರಲ್ಲಾಗಿದ್ದರೆ ಇಷ್ಟೊತ್ತಿಗೆ ಬಾಗಿಲಿಗೆ ಕೂತುಬಿಡುತ್ತಿದ್ದೆ ಎಂದಳು. ನಮ್ಮ ಕಡೆ ಹಾಗುಂಟು. ಕೊಟ್ಟ ಹಣ ಬರದಿದ್ದರೆ ಸಾಲಗಾರನ ಬಾಗಿಲಿಗೆ ಹೋಗಿ ಕೂಡುವುದು. ಬೈಯುವಂತಿಲ್ಲ, ಕೇಳುವಂತಿಲ್ಲ, ಅನ್ನ ನೀರು ಮುಟ್ಟುವಂತಿಲ್ಲ. ಬಾಗಿಲಲ್ಲಿ ಹಸಿದವರು ಕೂತಿರುವಾಗ ಒಳಗಿನವರು ಒಲೆ ಹಚ್ಚುವಂತಿಲ್ಲ. ಮಧ್ಯಾಹ್ನದೊಳಗೆ ಹಿರಿಯರು ಬಂದು ಬಗೆಹರಿಸುತ್ತಾರೆ.

“ಇಲ್ಲಿ ಆ ಕಂಪನಿ ಮಾಲಕ, ಆ ಕಫೀಲನ ಬಾಗಲಾ ಯಾವುದಂತ ಯಾರಿಗೆ ಗೊತ್ತೈತಿ?” ಎಂದು ನೀಲವ್ವ ಬಕೀಟು ಎತ್ತಿಕೊಂಡು ಹೋದಳು.

ಅದೇ ವಾರ ವಿವೇಕ ಸರ್ ನಮ್ಮನ್ನು ಸ್ಟೇಜಿಗೆ ಕರೆಸಿದರು. ಅವರು ಅಲ್ಲಿ ಅಮೆರಿಕದ ಇತಿಹಾಸ ಕಲಿಸುವ ಮಾಸ್ತರರು. ಧಾರವಾಡದವರು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೈಕು ಹಿಡಿದರೆ ಬಿಡುವುದಿಲ್ಲ. ನಮ್ಮನ್ನು ಕಂಡರೆ “ನಮ್ಮ ಮಂದಿ” ಅನ್ನುತ್ತಾರೆ, ಆದರೆ ಕೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರುವುದಿಲ್ಲ. ಗುರುವಾರ ತಾಯಿತಂದೆಯರೆಲ್ಲ ಬರುತ್ತಾರೆ, ಮಕ್ಕಳಿಂದ ನಾಟಕ ಮಾಡಿಸಬೇಕು. ಎಲ್ಲ ಮಕ್ಕಳಿಗೂ ಅಧ್ಯಕ್ಷ, ಖಜಾನೆ ಮಂತ್ರಿ, ಪೇಟೆಯ ಸಾಹುಕಾರ ಆಗಬೇಕು. ಬಿಳಿ ಕೂದಲಿನ ಟೋಪನ್ನು, ಬಕಲ್ ಬೂಟು ಹಾಕಿಕೊಳ್ಳಬೇಕು. ಹರಕು ಅಂಗಿಯ ಸಿಪಾಯಿ ಆಗಲು ಇಬ್ಬರನ್ನು ಬಿಟ್ಟರೆ ಒಂದು ಮಗುವೂ ಒಪ್ಪಲಿಲ್ಲ. ಆ ಇಬ್ಬರ ತಾಯಂದಿರು ಬೇಡವೆಂದು ಪ್ರಿನ್ಸಿಪಾಲರಿಗೆ ಫೋನು ಮಾಡಿದರಂತೆ.

ಹಾಗಾಗಿ ಸಿಪಾಯಿಗಳು ನಾವು. ವೇಷದ ಬಟ್ಟೆ ಎಲ್ಲಿ ಎಂದು ಯಾರೋ ಕೇಳಿದರು.

“ನಿಮಗ ವೇಷಾ ಏನೂ ಬ್ಯಾಡ್ರಿ. ಹಿಂಗ ಬರ್ರಿ ಸಾಕು” ಅಂದರು ಸರ್. ತಲೆಗೊಂದು ರಟ್ಟಿನ ಟೊಪ್ಪಿಗೆ ಮಾತ್ರ ಕೊಟ್ಟರು. ಗಂಡಸರು ಸಾಲದೆ ನೀಲವ್ವ, ಸುಲೈಖಾ ಇವರ ತಲೆಗೂ ಒಂದೊಂದು ಇಟ್ಟರು.

ಕಥೆಯನ್ನು ಸರ್ ನಮಗೆ ಕನ್ನಡದಲ್ಲೇ ಹೇಳಿದರು. ಹೇಳುವುದರಲ್ಲಿ ಜಾಣ. ಬಡ ರೈತರು ಇಂಗ್ಲೆಂಡಿನ ರಾಜನ ಮೇಲೆ ವರ್ಷಗಟ್ಟಲೆ ಯುದ್ಧ ಮಾಡಿ ಗೆದ್ದರಂತೆ. ಗೆದ್ದ ದೇಶದ ಖಜಾನೆಯಲ್ಲಿ ಮಾತ್ರ ದುಡ್ಡಿರಲಿಲ್ಲ. ಸಿಪಾಯಿಗಳ ಕೈಗೆ ಪಗಾರದ ಬದಲು ಕಾಗದ ಕೊಟ್ಟು, ಮುಂದೆ ಕೊಡುತ್ತೇವೆಂದು ಮನೆಗೆ ಕಳಿಸಿದರು. ಮನೆಗೆ ಹೋದರೆ ಕಂದಾಯ, ಸಾಲ. ಕಾಗದವನ್ನು ಸಾಹುಕಾರರಿಗೆ ರೂಪಾಯಿಗೆ ಎರಡಾಣೆ ನಾಕಾಣೆಗೆ ಮಾರಿದರು. ಆಮೇಲೆ ಹೊಸ ಸರ್ಕಾರ ಬಂದು ಕಾಗದಕ್ಕೆಲ್ಲ ಪೂರ್ತಿ ಹಣ ಕೊಡುತ್ತೇವೆಂದಿತು. ಆ ಸುದ್ದಿ ಹಳ್ಳಿ ಮುಟ್ಟುವ ಮೊದಲೇ ಪೇಟೆಯ ಸಾಹುಕಾರರು ಜೋರಾಗಿ ಓಡುವ ಹಡಗುಗಳಲ್ಲಿ ಆಳು ಕಳಿಸಿ, ಉಳಿದಿದ್ದ ಕಾಗದವನ್ನೂ ಬಾಚಿಕೊಂಡರು.

ನಾನು ತಟ್ಟನೆ ಎದ್ದೆ. ನಮ್ಮ ಚೀಟಿಯೂ ಹೀಗೇ ಆಗಿದೆಯಲ್ಲ ಸರ್ ಎಂದೆ. ಅವರು ನಕ್ಕರು. ಅದು ದೇಶದ ಮಾತು, ನಿಮ್ಮದು ಮುಳುಗುವ ಕಂಪನಿ, ಆ ಕಾಗದಕ್ಕೆ ಇಪ್ಪತ್ತು ಕೊಡುವವನು ದಾನ ಮಾಡುತ್ತಿದ್ದಾನೆ ಎಂದು ತಿಳಿ ಎಂದರು.

ನೀಲವ್ವ ಕೇಳಿದಳು, ಆ ಸಿಪಾಯಿಗಳು ಸುಮ್ಮನಿದ್ದರೇ ಎಂದು.

“ಇಲ್ಲ, ಇಲ್ಲ. ಕೆಲವು ಕಡೆ ಮೊದಲ ಎದ್ದಿದ್ರು. ಸಾಲದ ಕೇಸು ನಡೀಬಾರದು ಅಂತ ಕೋರ್ಟಿನ ಬಾಗಲಾ ತಡದು ನಿಂತ್ರು. ಜಡ್ಜು ಒಳಗ ಹೋಗಲಿಲ್ಲ.”

“ಬಾಗಲಕ್ಕ ಕುಂತ್ರು ಅನ್ರಿ.”

“ಹೌದು, ಹಂಗ ಅನ್ನು” ಎಂದು ಸರ್ ನಕ್ಕರು. ಆ ದೃಶ್ಯ ನಾಟಕದಲ್ಲಿಲ್ಲ, ನೋಡುವವರಿಗೆ ಭಾರ ಆಗುತ್ತದೆ ಎಂದು ತೆಗೆದೆ ಎಂದರು. ನಮ್ಮ ಕೆಲಸ ಇಷ್ಟೇ. ಒಬ್ಬೊಬ್ಬರಾಗಿ ಬಂದು ಸಾಹುಕಾರನ ಕೈಗೆ ಕಾಗದ ಕೊಡುವುದು, ಪ್ಲಾಸ್ಟಿಕ್ ನಾಣ್ಯ ಇಸಿದುಕೊಳ್ಳುವುದು, ತಲೆ ಬಗ್ಗಿಸಿ ಎಡಗಡೆಗೆ ಹೋಗುವುದು. ಆಮೇಲೆ ಸಾಹುಕಾರ ಚೀಲ ಹೊತ್ತು ಖಜಾನೆಯ ಬಾಗಿಲಿನೊಳಗೆ ಹೋಗುತ್ತಾನೆ, ಪರದೆ ಬೀಳುತ್ತದೆ.

ಖಜಾನೆ ಕಟ್ಟುವವನು ನಾನು. ಎರಡಾಳೆತ್ತರದ ಪ್ಲೈವುಡ್ ಗೋಡೆ, ಕಲ್ಲಿನ ಬಣ್ಣ, ಬರೆದ ಕಂಬಗಳು, ನಡುವೆ ನಿಜವಾದ ಬಾಗಿಲು. ಬಿಜಾಗರಿ ಹಾಕಿ ಕೂರಿಸಿದೆ, ಕೈ ತಾಗಿದರೆ ತೆರೆಯುವ ಹಾಗೆ. ಹಿಂದಿನಿಂದ ಆನಿಸಲು ನಾಲ್ಕು ಕಟ್ಟಿಗೆ ಬೇಕೆಂದು ಕೇಳಿದೆ. ಬಜೆಟ್ ಮುಗಿದಿದೆ ಎಂದರು ಸರ್.

“ನೀ ಹೆಂಗಿದ್ರೂ ಅಲ್ಲೇ ಇರ್ತಿಯಲ್ಲ ಸಂಗಪ್ಪ. ಹಿಂದ ನಿಂತು ಹಿಡಕೊ.”

ಗೋಡೆ ಮುಂದಕ್ಕೆ ಬಿದ್ದರೆ ಮಕ್ಕಳ ಮೇಲೆ ಬೀಳುತ್ತದೆ. ಅದಕ್ಕೆ ಅದರ ಬುಡವನ್ನು ಹಿಂದಕ್ಕೆ ವಾಲುವ ಹಾಗೆ ಕೊಯ್ದೆ. ಬಿದ್ದರೆ ನನ್ನ ಮೇಲೇ ಬೀಳಬೇಕು.

ಇತ್ತ ನೀಲವ್ವನನ್ನು ಹಣಿಯುವುದು ಶುರುವಾಯಿತು. ಅವಳ ಮಗಳು ಶ್ರುತಿ ಗದಗಿನಲ್ಲಿ ನರ್ಸಿಂಗ್ ಓದುತ್ತಾಳೆ. ಫೀಸು ಕಟ್ಟಲು ಬುಧವಾರ ಕೊನೆಯ ದಿನ. ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದು ಕೊರಗಪ್ಪನಿಗೆ ಗೊತ್ತಿತ್ತು, ಯಾಕೆಂದರೆ ಅವಳೇ ಅವನ ಹತ್ತಿರ ಸಾಲ ಕೇಳಿದ್ದಳು. ಅವಳನ್ನು ಮೂರೂ ಮಹಡಿಯ ಕಕ್ಕಸಿಗೆ ಹಾಕಿದರು. ಮೆಸ್ಸಿನ ಕುಬ್ಬೂಸ್ ರೊಟ್ಟಿ ಅವಳ ಪಾಲಿಗೆ ಮುಗಿದುಹೋಗತೊಡಗಿತು. ಅವಳು ಚೀಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡೇ ನೆಲ ತಿಕ್ಕಿದಳು. ನಾವು ಮಾರಿದವರು ಅವಳಿಗೆ ಹುಚ್ಚಿ ಅಂದೆವು. ನಮಗೆ ಅವಳನ್ನು ಕಂಡರೆ ಉರಿಯುತ್ತಿತ್ತು.

ಬುಧವಾರ ಬೆಳಿಗ್ಗೆ ವಿವೇಕ ಸರ್ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಅಹ್ಮದಿ ಎಂಬ ಊರಿನಲ್ಲಿರುವ ತಮ್ಮ ಮನೆಗೆ ಬಿಟ್ಟರು. ಅವರ ಹೆಂಡತಿ ಶೀತಲ್ ಎಣ್ಣೆ ಕಂಪನಿಯಲ್ಲಿ ಇಂಜಿನಿಯರು, ಮನೆ ಅವರ ಕಂಪನಿಯದು. ಗಿಡ ಮರ, ಹುಲ್ಲು. ಮಲಗುವ ಕೋಣೆಗೆ ಗೋಡೆಯುದ್ದ ಅಲ್ಮಾರ ಮಾಡಬೇಕು. ಇದಕ್ಕೆ ಕೂಲಿ ಇಲ್ಲ. ಮಾಸ್ತರರ ಮನೆಯ ಕೆಲಸ ಶಾಲೆಯ ಬಡಗಿ ಮಾಡುವುದು ಪದ್ಧತಿ, ಯಾರು ಹಾಕಿದ ಪದ್ಧತಿಯೋ.

ಮೇಡಂ ಅವತ್ತು ರಜೆಯಲ್ಲಿದ್ದರು. ಹನ್ನೊಂದಕ್ಕೆ ಕಾಗದದ ಕಪ್ಪಿನಲ್ಲಿ ಚಹಾ ತಂದು ಮೆಟ್ಟಿಲ ಮೇಲಿಟ್ಟರು. ಕೆಟ್ಟ ಹೆಂಗಸಲ್ಲ. ಬಿಸಿಲಲ್ಲಿ ಕೂರಬೇಡ ಎಂದರು. ಆಮೇಲೆ ಮಾತಿಗೆ ಮಾತು ಬಂದು, ನನಗೆಲ್ಲ ಗೊತ್ತಿದೆ ಎಂದುಕೊಂಡೇ ಹೇಳಿದರು.

“ಎಲ್ಲಾರ ಚೀಟಿನೂ ಬಂದಾವಂತ, ಆ ನೀಲವ್ವ ಒಬ್ಬಾಕಿದು ಬಂದಿಲ್ಲಂತ. ಯಾಕ ಹಟಾ ಮಾಡ್ಲಿಕ್ಹತ್ತಾಳ? ನೀವಾದ್ರೂ ತಿಳಿಸಿ ಹೇಳ್ರಲ್ಲ. ಸಂಡೇ ಕಂಪನಿಯವ್ರು ದುಡ್ಡು ಕೊಡ್ತಾರ. ಎಲ್ಲಾ ಒಮ್ಮೆಲೆ ತಗೊಂಡ್ರ ನಮ್ಮನಿಯವ್ರಿಗೆ ಓಡಾಡೂದು ತಪ್ಪತದ.”

ನನ್ನ ಕೈಯಲ್ಲಿ ಉಳಿ ಇತ್ತು. ಅದನ್ನು ಕೆಳಗಿಟ್ಟೆ. ಹಣ ಬಂತೇ ಎಂದು ಕೇಳಿದೆ. ಶಾಲೆ ಕಂಪನಿಗೆ ಚೆಕ್ಕು ಕೊಟ್ಟು ಹದಿನೈದು ದಿನವಾಯಿತು, ನಮ್ಮ ಮನೆಯವರಿಗೆ ಸ್ಟಾಫ್‌ರೂಮಿನಲ್ಲಿ ಗೊತ್ತಾಯಿತು ಎಂದರು. ಹಣ ಕೈಗೆ ಬಂದ ಮೇಲೆ ಈ ಅಲ್ಮಾರಕ್ಕೆ ಕನ್ನಡಿ ಹಾಕಿಸುವ ವಿಚಾರವಿದೆಯಂತೆ, ಕನ್ನಡಿಗೆ ಈಗಲೇ ಜಾಗ ಬಿಟ್ಟು ಕೊಯ್ಯಬೇಕಂತೆ.

ಕೊರಗಪ್ಪನ ಜೇಬಿನ ದಿನಾರು ಯಾರದ್ದೆಂದು ಆಗ ತಿಳಿಯಿತು. ಆ ಸುಳ್ಳುಬುರುಕ ದಾನಿ ಯಾರೆಂದೂ ತಿಳಿಯಿತು. ಸುದ್ದಿ ಮುಟ್ಟುವ ಮೊದಲು ಹೊರಟ ಹಡಗಿನ ಕಥೆಯನ್ನು ಅವನೇ ನಮಗೆ ಬಣ್ಣ ಹಚ್ಚಿ ಹೇಳಿದ್ದ. ಆ ಹಡಗಿನಲ್ಲೇ ಬೆಳಿಗ್ಗೆ ನಾನು ಕೂತು ಬಂದಿದ್ದೆ.

ನೀಲವ್ವನಿಗೆ ಫೋನು ಮಾಡಿದೆ. ಹತ್ತಲಿಲ್ಲ. ಡ್ಯೂಟಿಯ ಹೊತ್ತಿನಲ್ಲಿ ಸಫಾಯಿಯವರ ಫೋನುಗಳನ್ನು ಕೊರಗಪ್ಪ ಡಬ್ಬಿಯಲ್ಲಿ ಹಾಕಿಡುತ್ತಾನೆ. ನಾನು ಹೋಗಬೇಕು ಎಂದೆ. ಸರ್ ಬಂದು ಬಿಡುತ್ತಾರೆ, ಅಲ್ಲಿಯವರೆಗೆ ಕೆಲಸ ಮುಗಿಸು ಎಂದರು ಮೇಡಂ. ಆ ವಸತಿಯ ಗೇಟು ದಾಟಲು ಅಲ್ಲಿಯವರು ಜೊತೆಗಿರಬೇಕು. ನಾನು ಅಲ್ಮಾರಕ್ಕೆ ಮೊಳೆ ಹೊಡೆದೆ. ಪ್ರತಿ ಮೊಳೆಗೂ ಒಬ್ಬೊಬ್ಬರ ಹೆಸರು ಹಿಡಿದು ಹೊಡೆದೆ.

ಸರ್ ಬಂದಾಗ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಅವರು ನಾಟಕದ ಬಗ್ಗೆಯೇ ಮಾತಾಡಿದರು. ನಾನು ಹಲ್ಲು ಕಚ್ಚಿ ಕೂತಿದ್ದೆ. ಬಾಯಿ ಬಿಟ್ಟರೆ ರಸ್ತೆಯಲ್ಲೇ ಇಳಿಸಿ ಹೋಗುತ್ತಾನೆ, ನೀಲವ್ವ ಮಾರುವ ಮೊದಲು ನಾನು ಮುಟ್ಟಬೇಕು. ಹುಟ್ಟಿದಾಗಿನಿಂದ ಬಾಯಿ ಕಟ್ಟಿ ಕೂತದ್ದು ಅದೊಂದೇ ಸಲ.

ಏನೂ ಉಪಯೋಗವಾಗಲಿಲ್ಲ. ಹೆಂಗಸರ ಕಟ್ಟಡದ ಮೆಟ್ಟಿಲ ಮೇಲೆ ನೀಲವ್ವ ಕೂತಿದ್ದಳು. ಎದೆಯೊಳಗೆ ಪ್ಲಾಸ್ಟಿಕ್ಕಿನ ಸದ್ದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೊರಗಪ್ಪ ಬಂದಿದ್ದನಂತೆ. ಕಂಪನಿ ಭಾನುವಾರ ಮುಚ್ಚುತ್ತದೆ, ಆಮೇಲೆ ಚೀಟಿ ಒಲೆಗೂ ಬೇಡ ಅಂದನಂತೆ. ಇವಳು ನಂಬಲಿಲ್ಲ. ಆಗ ಅವನು ತನ್ನ ಮನೆಯ ದೈವದ ಮೇಲೆ ಆಣೆ ಹಾಕಿದ.

“ಎಷ್ಟ ವರ್ಷದಿಂದ ನೋಡೀನಿ ಅವನ್ನ. ಹೆಂಡಾ ಕುಡದಾಗೂ ದೈವದ ಹೆಸರು ತಗದಾಂವಲ್ಲ. ಆಣಿ ಹಾಕಿದ. ಕೊಟ್ಟೆ. ಮಗಳಿಗೆ ಕಳಿಸಿದೆ.”

ನಾನು ಶೀತಲ್ ಮೇಡಂ ಹೇಳಿದ್ದನ್ನು ಹೇಳಿದೆ. ನಾನು ಕೊರಗಪ್ಪನನ್ನು ಹುಡುಕಿಕೊಂಡು ಅವನ ರೂಮಿಗೆ ಹೋದೆ, ಈ ಸಲ ಕೊಂದೇಬಿಡುತ್ತೇನೆಂದು. ಅವನು ಮಂಚದ ಮೇಲೆ ಕೂತಿದ್ದ. ನನ್ನ ಮಾತು ಕೇಳುತ್ತ ಕೇಳುತ್ತ ಅವನ ಮುಖ ಬೂದಿಯಾಯಿತು.

“ನಂಗೆ ಸರ್ ಹಾಗೇ ಹೇಳಿದ್ದು ಮಾರಾಯ. ಕಂಪನಿ ಖಲಾಸ್ ಅಂತ. ಅದಕ್ಕೇ ಆಣೆ ಹಾಕಿದ್ದು ನಾನು” ಅಂದ. ಆಮೇಲೆ, “ನನ್ನ ಬಾಯಿಂದ ಸುಳ್ಳು ಆಣೆ ಹಾಕಿಸಿದ ಅಲ್ವಾ ಅವ” ಎಂದು ಗೋಡೆಗೆ ಹೇಳಿಕೊಂಡ. ಒಂದು ಚೀಟಿಗೆ ಎರಡು ದಿನಾರು ಅವನ ದಲಾಲಿ. ತನ್ನ ಚೀಟಿಗಳನ್ನೂ ಇಪ್ಪತ್ತಕ್ಕೇ ಕೊಟ್ಟಿದ್ದ. ಹೊಡೆಯಲು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಸ್ಟೇಜಿನ ಮೇಲೆ ಸರ್ ಒಬ್ಬರೇ ಇದ್ದಾಗ ನಾನೂ ನೀಲವ್ವನೂ ಹೋದೆವು. ಅವಳು ಕೈಮುಗಿದೇ ಕೇಳಿದಳು. ನೀವು ಕೊಟ್ಟ ಹಣ ಹಣವೇ, ಮಗಳ ಫೀಸು ಕಟ್ಟಿಯಾಯಿತು, ಭಾನುವಾರ ಬಂದದ್ದರಲ್ಲಿ ನಿಮ್ಮದನ್ನು ಮುರಿದುಕೊಂಡು, ಮೇಲೆ ನಿಮ್ಮ ಬಡ್ಡಿಯನ್ನೂ ಹಿಡಿದುಕೊಂಡು, ಉಳಿದದ್ದು ಕೊಡಿ ಎಂದು. ಎಲ್ಲರಿಗೂ ಹಾಗೇ ಮಾಡಿ ಎಂದು.

ಸರ್ ಸಿಟ್ಟಾಗಲಿಲ್ಲ. ಕ್ಲಾಸಿನಲ್ಲಿ ನಿಂತಂತೆ ನಿಂತರು.

“ನೋಡ್ರಿ, ಅಲ್ಲಿನೂ ಇದ ಜಗಳಾ ಆಗಿತ್ತು. ಅರ್ಧಾ ಸಿಪಾಯಿಗೆ ಕೊಡ್ರಿ, ಅರ್ಧಾ ಸಾಹುಕಾರಗ ಕೊಡ್ರಿ ಅಂತ ಒಬ್ಬರು ವಾದಾ ಮಾಡಿದ್ರು. ಸಭಾದಾಗ ಸೋತ್ರು. ಯಾಕ? ಕಾಗದ ಯಾರ ಕೈಯಾಗ ಅದನೋ ಅವಗ ಕೊಟ್ರನ ದೇಶದ ಮಾತಿಗೆ ಬೆಲಿ. ಇಲ್ಲಾಂದ್ರ ನಾಳೆ ಕಾಗದಾ ಕೊಳ್ಳಾವ್ರು ಯಾರು? ನಾನೂ ರಿಸ್ಕ್ ತಗೊಂಡೀನಿ.”

“ಯಾ ರಿಸ್ಕರಿ?” ಅಂದೆ ನಾನು. “ಚೆಕ್ಕ ಬಂದೈತಂತ ಗೊತ್ತಿದ್ದ ತಗೊಂಡೀರಿ. ಅದಕ್ಕ ನಮ್ಮೂರಾಗ ಕಳವು ಅಂತಾರ.”

“ಮಾತು ನೆಟ್ಟಗಿರ್ಲಿ ಸಂಗಪ್ಪ. ನಾನೇನು ಕಸಗೊಂಡಿಲ್ಲ. ನೀವಾಗಿ ಕೊಟ್ಟೀರಿ.”

“ನಾವಾಗಿ ಕೊಟ್ವಿ?” ನೀಲವ್ವನ ಮುಗಿದ ಕೈ ಬಿಚ್ಚಿಕೊಂಡಿತು. “ಮೂರ ಮಹಡಿ ಹೇಲ ಬಳಿಸಿ, ರೊಟ್ಟಿ ನಿಲ್ಲಿಸಿ, ದೇವರ ಆಣಿ ಹಾಕಿಸಿ ಇಸಗೊಂಡಿಯಲ್ಲೋ ನನ್ನ ಹಾಟ್ಯಾ. ನಿನ್ನ ಬಾಯಾಗ ಮಣ್ಣ ಹಾಕ. ಕನ್ನಡಾ ಕನ್ನಡಾ, ನಮ್ಮ ಮಂದಿ ಅನ್ನೂದು ನಮ್ಮ ಕಿಸೆ ನೋಡಾಕೇನ?”

ಸರ್ ಆಗ ಕೈಯನ್ನು ಜೇಬಿನಿಂದ ತೆಗೆದರು. ಹತ್ತು ದಿನಾರಿನ ನೋಟು. ನಾಟಕದ ಬಕ್ಷೀಸು ಎಂದುಕೊಳ್ಳಿ ಎಂದರು. ನಾವು ಮುಟ್ಟಲಿಲ್ಲ. ಆಗ ಬೇರೆ ದನಿಯಲ್ಲಿ ಹೇಳಿದರು. ಇದು ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ ಗಲಾಟೆ ಮಾಡಿದವರೆಂದು ನಿಮ್ಮ ಹೆಸರು ಹೋಗುತ್ತದೆ. ನೀವು ಇಲ್ಲಿರುವ ಪರವಾನಗಿ, ಇಕಾಮಾ, ಕಂಪನಿಯ ಕೈಯಲ್ಲಿದೆ. ಡ್ಯೂಟಿ ಬಿಟ್ಟು ಹೊರಗೆ ಕಾಲಿಟ್ಟರೆ ಓಡಿಹೋದವರೆಂದು ಕೇಸು ಹಾಕುತ್ತಾರೆ, ಊರಿಗೆ ಹೋಗುವ ದಾರಿ ಜೈಲಿನಿಂದಲೇ. ಹತ್ತಕ್ಕೆ ಸರಿಯಾಗಿ ಟೊಪ್ಪಿಗೆ ಹಾಕಿಕೊಂಡು ಬನ್ನಿ.

ಹತ್ತಕ್ಕೆ ಸರಿಯಾಗಿ ಬಂದೆವು. ಬರದೆ ಎಲ್ಲಿಗೆ ಹೋಗುತ್ತಿದ್ದೆವು?

ಸಭಾಂಗಣ ತುಂಬಿತ್ತು. ಅತ್ತರಿನ ವಾಸನೆ, ಎಲ್ಲರ ಕೈಯಲ್ಲೂ ಫೋನು. ನಾನು ಖಜಾನೆಯ ಹಿಂದೆ ಎರಡೂ ಅಂಗೈ ಊರಿ, ಹೆಗಲು ಕೊಟ್ಟು ನಿಂತಿದ್ದೆ. ಬಾಗಿಲ ಸಂದಿಯಿಂದ ಒಂದು ಪಟ್ಟಿಯಷ್ಟು ಸ್ಟೇಜು ಕಾಣುತ್ತಿತ್ತು. ಬಿಳಿ ಟೋಪನ್ನಿನ ಮಕ್ಕಳು ಬಂದು ಇಂಗ್ಲಿಷಿನಲ್ಲಿ ಮಾತಾಡಿದರು. ಖಜಾನೆ ಮಂತ್ರಿಯಾದ ಹುಡುಗಿ ಎದೆಯ ಮೇಲೆ ಕೈಯಿಟ್ಟು ಏನೋ ಉದ್ದಕ್ಕೆ ಹೇಳಿದಳು. ಸರ್ ಬೆಳಿಗ್ಗೆ ನಮಗೆ ಹೇಳಿದ್ದೇ ಇರಬೇಕು, ಬಹಳ ಚಪ್ಪಾಳೆ ಬಿತ್ತು. ಗೋಡೆಯ ಭಾರಕ್ಕೆ ನನ್ನ ತೋಳು ನಡುಗುತ್ತಿತ್ತು.

ಸಿಪಾಯಿಗಳು ಬಂದರು. ಒಬ್ಬೊಬ್ಬರೇ ಕಾಗದ ಕೊಟ್ಟು, ನಾಣ್ಯ ಇಸಿದುಕೊಂಡು, ತಲೆ ಬಗ್ಗಿಸಿ ಎಡಕ್ಕೆ ಹೋದರು. ಅಭ್ಯಾಸದಲ್ಲಿ ತಪ್ಪುತ್ತಿದ್ದವರು ಅವತ್ತು ತಪ್ಪಲಿಲ್ಲ. ಕೊನೆಗೆ ನೀಲವ್ವ ಬಂದಳು. ಸಾಹುಕಾರನಾದ ಹುಡುಗ ಕೈ ಚಾಚಿದ. ಅವಳು ಕಾಗದವನ್ನು ಮಡಿಚಿ ಎದೆಯೊಳಗೆ ಇಟ್ಟುಕೊಂಡಳು. ನೇರವಾಗಿ ನನ್ನ ಕಡೆಗೆ ನಡೆದು ಬಂದು, ಖಜಾನೆಯ ಬಾಗಿಲಿಗೆ ಬೆನ್ನು ಹಾಕಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಸಂದಿಯಲ್ಲಿ ಈಗ ಅವಳ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಅವಳ ಉಸಿರು ಕೇಳುತ್ತಿತ್ತು.

ಹುಡುಗ ಚೀಲ ಹಿಡಿದು ನಿಂತೇ ಇದ್ದ. ಎಡಕ್ಕೆ ಹೋಗಿದ್ದ ಸಿಪಾಯಿಗಳಲ್ಲಿ ಕಕ್ಕಸು ತೊಳೆಯುವ ಸುಲೈಖಾ ಮೊದಲು ತಿರುಗಿ ಬಂದಳು, ನೀಲವ್ವನ ಪಕ್ಕದಲ್ಲಿ ಕೂತಳು. ಆಮೇಲೆ ಒಬ್ಬ ಬಂದ, ಮತ್ತೊಬ್ಬ ಬಂದ. ಯಾರೂ ಬಾಯಿ ಬಿಡಲಿಲ್ಲ. ಸಭೆಯಲ್ಲಿ ಯಾರೋ ಒಂದು ಮಗು ನಕ್ಕಿತು.

ವಿವೇಕ ಸರ್ ಪರದೆಯ ಮರೆಯಿಂದ ನನ್ನ ಕಡೆ ಬಗ್ಗಿದರು. ಮುಖ ಬೆವೆತಿತ್ತು.

“ಸಂಗಪ್ಪ, ಹಿಂದಿನಿಂದ ಬಾಗಲಾ ತಗದು ಆಕಿನ್ನ ಒಳಗ ಎಳಕೊ.”

“ಕೈ ಬಿಟ್ರ ಗ್ವಾಡಿ ಬೀಳತೈತ್ರಿ.”

“ಒಂದು ಕೈಲೆ ಹಿಡಿ, ಒಂದು ಕೈಲೆ ಎಳಿ. ರಟ್ಟಿ ಹಿಡದು ಎಳಿಯೋ. ಹೆಣ್ಣಾಳು, ಎಷ್ಟ ಭಾರ ಇರತಾಳ?”

ಆಮೇಲೆ ಅವರು ಕೊರಗಪ್ಪನ ಕಡೆ ತಿರುಗಿ, ನೀನಾದರೂ ಹೋಗು ಎಂದರು. ಕೊರಗಪ್ಪ ಪರದೆಯ ಹಗ್ಗ ಹಿಡಿದುಕೊಂಡು ನೆಲ ನೋಡುತ್ತಿದ್ದ. ಹಗ್ಗವನ್ನು ಎಳೆಯಲಿಲ್ಲ. ಹೆಜ್ಜೆಯನ್ನೂ ಎತ್ತಲಿಲ್ಲ.

ನಾನು ಒಂದು ಕೈ ತೆಗೆದೆ. ಗೋಡೆ ಕಿರ್ರೆಂದಿತು. ಸರ್ ಹಾಗೇ, ಹಾಗೇ ಎಂದು ತಲೆಯಾಡಿಸಿದರು. ನಾನು ಇನ್ನೊಂದು ಕೈಯನ್ನೂ ತೆಗೆದು ಪಕ್ಕಕ್ಕೆ ಸರಿದು ನಿಂತೆ.

ಅದು ಒಮ್ಮೆಲೇ ಬೀಳಲಿಲ್ಲ. ಮೊದಲು ಮೇಲಿನ ಅಂಚು ಹಿಂದಕ್ಕೆ ಬಾಗಿತು, ಆಮೇಲೆ ಕಂಬಗಳು ಹಿಂದಕ್ಕೆ ಹೋದವು. ಕೊನೆಗೆ ಖಜಾನೆ ನಾನು ನಿಂತಿದ್ದ ಜಾಗದ ಮೇಲೆ ಅಂಗಾತ ಬಿತ್ತು. ಧೂಳು ಎದ್ದಿತು. ಹಿಂದಿನದೆಲ್ಲ ಬಯಲಾಯಿತು. ಮಾಪುಗಳು, ಬಕೀಟುಗಳು, ಫಿನಾಯಿಲಿನ ಡಬ್ಬಗಳು, ಏಣಿ, ನಾನು. ನೀಲವ್ವ ಬೆಚ್ಚಲಿಲ್ಲ. ಅವಳ ಬೆನ್ನ ಹಿಂದೆ ಬಾಗಿಲೇ ಇರಲಿಲ್ಲ, ಆದರೂ ಹಾಗೇ ಕೂತಿದ್ದಳು.

ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಎದ್ದು ನಿಂತು ತಟ್ಟಿದರು. ಒಂದು ಗಳಿಗೆಯಲ್ಲಿ ಇಡೀ ಸಭೆ ಎದ್ದು ನಿಂತಿತ್ತು. ಎಲ್ಲರೂ ಫೋನು ಎತ್ತಿ ಹಿಡಿದು ನಮ್ಮ ಚಿತ್ರ ತೆಗೆಯುತ್ತಿದ್ದರು. ಪ್ರಿನ್ಸಿಪಾಲರೂ ಚಪ್ಪಾಳೆ ತಟ್ಟುತ್ತ ವಿವೇಕ ಸರ್ ಅವರನ್ನು ಸ್ಟೇಜಿಗೆ ಕರೆಯುತ್ತಿದ್ದರು.

ನೀಲವ್ವ ಎದ್ದಳು. ಸಭೆಯ ಕಡೆ ನೋಡಲಿಲ್ಲ. ತಿರುಗಿ, ಬಿದ್ದ ಗೋಡೆಯ ಮೇಲೆ, ನಾನು ಬರೆದ ಕಂಬಗಳ ಮೇಲೆ ಚಪ್ಪಲಿ ಕಾಲಿನಲ್ಲಿ ನಡೆದು ನನ್ನ ಹತ್ತಿರ ಬಂದಳು.

“ನಡಿ ಸಂಗಣ್ಣ.”

ಊರಿನಿಂದ ತಂದ ನನ್ನ ಉಳಿ, ಸುತ್ತಿಗೆ ಚೀಲದಲ್ಲಿದ್ದವು. ಚೀಲ ಎತ್ತಿಕೊಂಡೆ. ಕೊರಗಪ್ಪ ಹಗ್ಗದ ಹತ್ತಿರದಿಂದ ಸರಿದು ಹಿಂಬಾಗಿಲಿನ ದಾರಿ ಬಿಟ್ಟ.

ಗೇಟಿನಲ್ಲಿ ಅಝರುದ್ದೀನ್ ಭಾಯಿ ಕಾವಲಿದ್ದ. ಪಾಸು ಕೇಳಿದ. ನಮ್ಮ ಹತ್ತಿರ ಇರಲಿಲ್ಲ. ಡ್ಯೂಟಿ ಮುಗಿದಿಲ್ಲ, ಬರೆದುಕೊಳ್ಳಬೇಕು, ಎಷ್ಟು ಹೊತ್ತಿಗೆ ವಾಪಸ್ಸು ಎಂದ. ನೀಲವ್ವ ತಲೆಯ ಮೇಲಿನ ರಟ್ಟಿನ ಟೊಪ್ಪಿಗೆ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. ಅವನು ಅದನ್ನು ನೋಡಿದ, ನಮ್ಮನ್ನು ನೋಡಿದ, ಪೆನ್ನು ಕೆಳಗಿಟ್ಟ.

ರಸ್ತೆಯಲ್ಲಿ ನೆರಳಿರಲಿಲ್ಲ. ಒಳಗೆ ಇನ್ನೂ ಚಪ್ಪಾಳೆ ಬೀಳುತ್ತಿತ್ತು. ನಮ್ಮೂರು ಸಮುದ್ರದ ಆಚೆಗೆ. ನಾವು ಸಮುದ್ರದ ಕಡೆಯ ದಾರಿ ಹಿಡಿದೆವು.